ಫೈಫಿನ ಒಂದು ಜಮೀನಿನ ಒಡೆತನವನ್ನು ಹಿಂದಕ್ಕೆ ಹುಡುಕಿದ ಬಗೆ

ಎಡಿನ್‌ಬರೋದಲ್ಲಿ ನೆಲೆಸಿರುವ ನಾನು, ಸ್ಕಾಟ್ಲೆಂಡಿನ ಫೈಫ್ ಕೌಂಟಿಯ ಹಳ್ಳಿಯೊಂದರ ಜಮೀನು ಯಾರಿಂದ ಯಾರಿಗೆ ಹೋಯಿತೆಂಬುದನ್ನು ಹಳೆಯ ದಾಖಲೆಗಳಿಂದ ಗುರುತಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ತೆರೆದದ್ದು ವ್ಯಾಲ್ಯುಯೇಶನ್ ರೋಲ್‌ಗಳನ್ನು. 1855ರಿಂದ ವರ್ಷವರ್ಷವೂ ಸಿದ್ಧವಾಗುತ್ತಿದ್ದ ಈ ತೆರಿಗೆ ಪಟ್ಟಿಗಳಲ್ಲಿ ಪ್ರತಿ ಆಸ್ತಿಯ ಮಾಲೀಕ, ಗೇಣಿದಾರ, ವಾಸವಿರುವವ ಮತ್ತು ವಾರ್ಷಿಕ ಬಾಡಿಗೆ ಮೌಲ್ಯ ಸಾಲಾಗಿ ಸಿಗುತ್ತವೆ. ಅಲ್ಲಿ ಸಿಕ್ಕ ಮಾಲೀಕನ ಹೆಸರು ಮುಂದಿನ ಹುಡುಕಾಟಕ್ಕೆ ಅತ್ಯಗತ್ಯ. ಏಕೆಂದರೆ ಭೂವರ್ಗಾವಣೆಯ ಮುಖ್ಯ ದಾಖಲೆಯಾದ ಸೇಸಿನ್ ರಿಜಿಸ್ಟರಿನ ಮುದ್ರಿತ ಸಾರಾಂಶಗಳಿಗೆ 1831ರಿಂದ 1871ರವರೆಗೆ ಸ್ಥಳನಾಮಗಳ ಸೂಚಿಯಿಲ್ಲ. ವ್ಯಕ್ತಿಯ ಹೆಸರು ಗೊತ್ತಿಲ್ಲದವರು ಆ ನಾಲ್ಕು ದಶಕಗಳನ್ನು ದಾಟುವುದು ಬಹಳ ಕಷ್ಟ.

ಸೇಸಿನ್ ರಿಜಿಸ್ಟರು 1617ರಲ್ಲಿ ಸ್ಕಾಟ್ಲೆಂಡಿನ ಸಂಸತ್ತಿನ ಕಾಯ್ದೆಯಿಂದ ಆರಂಭವಾಯಿತು. ಖಾಸಗಿ ಕೈಗಳಲ್ಲಿದ್ದ ಪತ್ರಗಳನ್ನು ಬಚ್ಚಿಟ್ಟು ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದು ತಡೆಯೊಡ್ಡಿತು. ಅಷ್ಟು ಹಿಂದೆಯೇ ಸಾರ್ವಜನಿಕರಿಗೆ ತೆರೆದ ಇಂತಹ ದಾಖಲೆಯನ್ನು ಕಟ್ಟಿದ್ದು ದೊಡ್ಡ ಸಾಧನೆಯೆಂದೇ ನಾನು ಭಾವಿಸುತ್ತೇನೆ. ಹಳೆಯ ನಮೂದುಗಳಲ್ಲಿ, ಜಮೀನಿನ ಮೇಲೆಯೇ ನಿಂತು ಒಡೆಯನ ಪ್ರತಿನಿಧಿಯು ಕೊಳ್ಳುವವನ ಪರವಾಗಿ ಬಂದವನಿಗೆ ಮಣ್ಣನ್ನೂ ಕಲ್ಲನ್ನೂ ಕೊಟ್ಟ ವಿಧಿಯನ್ನು ನೋಟರಿಯು ಸಾಕ್ಷಿಗಳ ಹೆಸರಿನೊಂದಿಗೆ ಬರೆದಿರುತ್ತಾನೆ. ಈ ವಿಧಿಯ ಅಗತ್ಯವನ್ನು 1845ರಲ್ಲಿ ತೆಗೆದುಹಾಕಲಾಯಿತು. ವಿವಾಹಿತ ಮಹಿಳೆಯರನ್ನು ಸಾಮಾನ್ಯವಾಗಿ ತವರಿನ ಕುಲನಾಮದಿಂದಲೇ ಗುರುತಿಸಿರುವುದರಿಂದ, ಎರಡು ಕುಟುಂಬಗಳ ನಡುವಿನ ನಂಟು ಒಂದೇ ಸಾಲಿನಲ್ಲಿ ತಿಳಿದುಬರುವುದುಂಟು.

ಆದರೆ ಪ್ರತಿ ನಮೂದೂ ಮಾರಾಟವಲ್ಲ. ಸಾಲದ ಬಾಂಡ್‌ಗಳೂ ಅವುಗಳ ತೀರುವಳಿಯೂ ಅದೇ ಪುಸ್ತಕದಲ್ಲಿವೆ. ಹಳೆಯ ಕಾಲದ ವಾಡ್‌ಸೆಟ್ ಪತ್ರವಂತೂ ಕ್ರಯದಂತೆಯೇ ಕಾಣುತ್ತದೆ. ಅದು ವಾಸ್ತವವಾಗಿ ಸಾಲ ತೀರಿದಾಗ ಬಿಡಿಸಿಕೊಳ್ಳುವ ಹಕ್ಕನ್ನು ಉಳಿಸಿಕೊಂಡು ಜಮೀನನ್ನು ಭೋಗ್ಯಕ್ಕೆ ಹಾಕಿದ ಪತ್ರ. ಆದ್ದರಿಂದ ಸಾರಾಂಶದಲ್ಲಿಯೇ ನಿಲ್ಲದೆ, ಸಂದೇಹ ಬಂದಲ್ಲೆಲ್ಲ ಮೂಲ ಪತ್ರವನ್ನು ತರಿಸಿ ಓದಿದೆ.

ತಂದೆಯಿಂದ ಮಗನಿಗೆ ಬಂದ ಭೂಮಿಯ ವಿಷಯದಲ್ಲಿ ಇನ್ನೊಂದು ದಾಖಲೆ ಬೇಕಾಗುತ್ತದೆ. 1868ರವರೆಗೆ ಸ್ಕಾಟ್ಲೆಂಡಿನಲ್ಲಿ ಭೂಮಿಯನ್ನು ಉಯಿಲಿನ ಮೂಲಕ ನೇರವಾಗಿ ಕೊಡುವಂತಿರಲಿಲ್ಲ. ವಾರಸುದಾರನು ತನ್ನ ಹಕ್ಕನ್ನು ವಿಚಾರಣೆಯಲ್ಲಿ ಸಾಬೀತುಪಡಿಸಬೇಕಿತ್ತು. ಆ ತೀರ್ಮಾನಗಳೇ ‘ರಿಟೂರ್’ಗಳು. 1847ರವರೆಗಿನವು, ಕ್ರಾಮ್‌ವೆಲ್ ಆಳ್ವಿಕೆಯ ಕೆಲವು ವರ್ಷಗಳನ್ನು ಬಿಟ್ಟರೆ, ಲ್ಯಾಟಿನ್‌ನಲ್ಲಿವೆ. ಪದಗುಚ್ಛಗಳು ಮರುಕಳಿಸುವುದರಿಂದ ಹೆಸರು, ಊರು, ಸಂಬಂಧ ಇಷ್ಟನ್ನು ಗುರುತಿಸಲು ಅಭ್ಯಾಸ ಸಾಕು. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಮಗ ಈ ವಿಚಾರಣೆಗೆ ಬಂದಿರಬಹುದಾದ್ದರಿಂದ, ಮರಣದ ವರ್ಷದ ಸುತ್ತಲಷ್ಟೇ ಹುಡುಕುವುದು ಸಾಲದು.

ಉತ್ತವರ ಹೆಸರುಗಳನ್ನು ಈ ದಾಖಲೆಗಳಲ್ಲಿ ಹೆಚ್ಚಾಗಿ ನಿರೀಕ್ಷಿಸುವಂತಿಲ್ಲ. ಸೇಸಿನ್ ರಿಜಿಸ್ಟರು ಮುಖ್ಯವಾಗಿ ಒಡೆತನಕ್ಕೆ ಸಂಬಂಧಿಸಿದ್ದು. ವ್ಯಾಲ್ಯುಯೇಶನ್ ರೋಲ್‌ಗಳಲ್ಲಿಯೂ ವರ್ಷಕ್ಕೆ ನಾಲ್ಕು ಪೌಂಡಿಗಿಂತ ಕಡಿಮೆ ಬಾಡಿಗೆಯ ಅಲ್ಪಾವಧಿ ನಿವಾಸಿಗಳನ್ನು ಹೆಸರಿಸಬೇಕೆಂಬ ಕಡ್ಡಾಯವಿರಲಿಲ್ಲ. ಅವರಿಗಾಗಿ ಜಮೀನ್ದಾರಿ ಕುಟುಂಬಗಳ ಕಾಗದಪತ್ರಗಳಲ್ಲಿರುವ ಗೇಣಿ ಲೆಕ್ಕದ ಪುಸ್ತಕಗಳನ್ನು ನೋಡಬೇಕು. ನಾನೀಗ ಓದುತ್ತಿರುವುದು ಅವುಗಳನ್ನೇ.