ಡ್ರೈವ್ ಮಾಡ್ವಾಗ ಹಾಡಿನ ಮಧ್ಯೆ ಬರೋ ಟಿಂಗ್ ಟಿಂಗ್ ನಿಲ್ಲಿಸೋದು ಹೇಗೆ

ಪಲ್ಲವಿ ಮುಗಿದು ಚರಣ ಶುರುವಾಗಿರತ್ತೆ, ಅಷ್ಟರಲ್ಲಿ ಹಾಡು ಸಡನ್ನಾಗಿ ಬಾವಿಗೆ ಬಿದ್ದಂಗೆ ಕುಗ್ಗಿ, 'ಟಿಂಗ್' ಅಂದು, ವಾಪಸ್ ಮೇಲೆ ಬರೋಷ್ಟರಲ್ಲಿ ಇನ್ನೊಂದು ಟಿಂಗ್. ಗಾಡಿ ನಿಲ್ಸಿ ನೋಡಿದ್ರೆ ಯಾವ್ದೋ ಗ್ರೂಪಲ್ಲಿ ಒಬ್ರು ಫೋಟೋ ಹಾಕಿದ್ದಾರೆ, ಅದಕ್ಕೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ ಅಷ್ಟೇ. ಇದಕ್ಕೆ ಫೋನ್ ಸೈಲೆಂಟ್ ಮಾಡ್ಬಿಡಿ ಅಂತ ಎಲ್ರೂ ಹೇಳ್ತಾರೆ, ನಾನೂ ಹಂಗೇ ಮಾಡ್ತಿದ್ದೆ, ಆಮೇಲೆ ಇಳಿದ ಮೇಲೆ ಸೈಲೆಂಟ್ ತೆಗೆಯೋದು ಮರೆತು ಮನೆಯವರ ಆರು ಕಾಲ್ ಮಿಸ್ ಮಾಡ್ಕೊಂಡು ಬೈಸ್ಕೊಂಡಿದ್ದೂ ಆಯ್ತು.

ಆಂಡ್ರಾಯ್ಡ್‌ನಲ್ಲಿ ಸದ್ದು ಮಾಡೋ ಆ್ಯಪ್‌ಗಳು ಆಡಿಯೋ ಫೋಕಸ್ ಅಂತ ಒಂದನ್ನ ಕೇಳಿ ತಗೋತವೆ, ಅಂದ್ರೆ 'ಸ್ವಲ್ಪ ಹೊತ್ತು ನಂಗೆ ಬಿಡು' ಅಂತ. ಆಗ ಹಾಡಿನ ಆ್ಯಪ್ ಸೌಂಡ್ ತಗ್ಗಿಸತ್ತೆ ಇಲ್ಲಾ ಹಾಡನ್ನೇ ನಿಲ್ಲಿಸತ್ತೆ. ಹಂಗಾಗಿ ಸ್ಟೀರಿಯೋ ಮೇಲೆ ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ, ಫೋಕಸ್ ಕೇಳೋರನ್ನ ಕಡಿಮೆ ಮಾಡ್ಬೇಕು.

ಐಫೋನ್ ಇದ್ರೆ ಕೆಲಸ ಸುಲಭ. ಐಓಎಸ್ 15ರಿಂದ ಡ್ರೈವಿಂಗ್ ಫೋಕಸ್ ಇದೆ (ಇದು ಬೇರೆ ಫೋಕಸ್, ಗಾಡಿ ಓಡಿಸುವಾಗ ನೋಟಿಫಿಕೇಶನ್ ತಡೆಯೋದು), ಸೆಟ್ಟಿಂಗ್ಸ್‌ನಲ್ಲಿ ಫೋಕಸ್‌ಗೆ ಹೋಗಿ ಡ್ರೈವಿಂಗ್ ಸೇರಿಸಿ, ಯಾವಾಗ ಆನ್ ಆಗ್ಬೇಕು ಅನ್ನೋ ಕಡೆ ಕಾರ್ ಬ್ಲೂಟೂತ್‌ಗೆ ಕನೆಕ್ಟ್ ಆದಾಗ ಅನ್ನೋದನ್ನೇ ಆರಿಸಿ. ಆಟೋಮ್ಯಾಟಿಕ್ ಬೇಡ, ಅದು ಚಲನೆ ನೋಡಿ ಊಹೆ ಮಾಡತ್ತೆ, ನೀವು ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ರೂ ಡ್ರೈವರ್ ಅಂದ್ಕೊಂಡ್ಬಿಡಬಹುದು. ಬ್ಲೂಟೂತ್ ಅಥವಾ ಕಾರ್‌ಪ್ಲೇ (ಐಫೋನನ್ನ ಕಾರಿನ ಸ್ಕ್ರೀನಿಗೆ ಜೋಡಿಸೋದು) ಕನೆಕ್ಟ್ ಆಗಿದ್ರೆ ಕಾಲ್ ಬರ್ತವೆ, ಆ ಭಯ ಬೇಡ. ಸಿರಿ ಮೆಸೇಜ್ ಓದಿ ಹೇಳ್ತಾ ಇದ್ರೆ ನೋಟಿಫಿಕೇಶನ್ಸ್ ಒಳಗೆ ಅನೌನ್ಸ್ ನೋಟಿಫಿಕೇಶನ್ಸ್ ಅಂತಿರತ್ತೆ, ಅದನ್ನ ಆಫ್ ಮಾಡಿ.

ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನಲ್ಲಿ ಒಂದೊಂದು ಮೆನು, ಆದ್ರೆ ಡು ನಾಟ್ ಡಿಸ್ಟರ್ಬ್ (ಡಿಎನ್‌ಡಿ) ಎಲ್ಲಾದ್ರಲ್ಲೂ ಸಿಗತ್ತೆ. ಇಲ್ಲೇ ಜನ ಎಡವೋದು: ಡಿಎನ್‌ಡಿ ಆನ್ ಮಾಡ್ತಾರೆ, ಹಾಡೂ ಮಾಯ ಆಗತ್ತೆ, ಇದು ಕೆಲಸಕ್ಕೆ ಬರಲ್ಲ ಅಂತ ಬಿಟ್ಬಿಡ್ತಾರೆ. ಡಿಎನ್‌ಡಿ ಒಳಗೆ ಮೀಡಿಯಾ ಸೌಂಡ್ಸ್ ಅನ್ನೋದು ಅಲೌಡ್ ಇದೆಯಾ ನೋಡಿ, ಅದೊಂದು ಆಫ್ ಆಗಿದ್ರೆ ಹಾಡು ಕೇಳಿಸಲ್ಲ. ಕಾಲ್ಸ್‌ನಲ್ಲಿ ಫೇವರಿಟ್ ಕಾಂಟ್ಯಾಕ್ಟ್ಸ್‌ನ ಅಲೌ ಮಾಡಿ, ರಿಪೀಟ್ ಕಾಲರ್ಸ್ ಆನ್ ಇಡಿ, 15 ನಿಮಿಷದೊಳಗೆ ಅದೇ ನಂಬರಿಂದ ಎರಡನೇ ಸಲ ಬಂದ್ರೆ ರಿಂಗ್ ಆಗತ್ತೆ. ಸ್ಯಾಮ್‌ಸಂಗ್ ಆದ್ರೆ ಮೋಡ್ಸ್ ಅಂಡ್ ರುಟೀನ್ಸ್‌ನಲ್ಲಿ ಕಾರಿನ ಬ್ಲೂಟೂತ್ ಸಿಕ್ಕಿದ ಕೂಡ್ಲೇ ಇದೆಲ್ಲ ತಾನೇ ಆನ್ ಆಗೋ ಹಾಗೆ ಇಡ್ಬಹುದು, ಇಳಿದ ಮೇಲೆ ತಾನೇ ಆಫ್ ಆಗತ್ತೆ, ಬೈಸ್ಕೊಳ್ಳೋದೂ ತಪ್ಪತ್ತೆ. ಸ್ಯಾಮ್‌ಸಂಗ್‌ನಲ್ಲೇ ಸೆಟ್ಟಿಂಗ್ಸ್‌ನ ಸೌಂಡ್ಸ್ ಒಳಗೆ ಸೆಪರೇಟ್ ಆ್ಯಪ್ ಸೌಂಡ್ ಅಂತಿದೆ, ನನಗೆ ತುಂಬಾ ಇಷ್ಟವಾದದ್ದು ಇದೇ: ಹಾಡಿನ ಆ್ಯಪ್ ಮಾತ್ರ ಬ್ಲೂಟೂತ್‌ಗೆ, ಉಳಿದವರೆಲ್ಲ ಫೋನ್ ಸ್ಪೀಕರಲ್ಲೇ ಕೂಗ್ಕೊಳ್ಳಲಿ.

ಮ್ಯಾಪ್‌ನ ಮಾತ್ರ ಪೂರ್ತಿ ಬಾಯಿ ಮುಚ್ಚಿಸ್ಬೇಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಪೀಕರ್ ಐಕಾನ್ ಒತ್ತಿದ್ರೆ ಅಲರ್ಟ್ಸ್ ಮಾತ್ರ ಅನ್ನೋ ಆಯ್ಕೆ ಬರತ್ತೆ, ಗೊತ್ತಿರೋ ದಾರಿಗೆ ಅಷ್ಟು ಸಾಕು. ಹೊಸ ದಾರಿ ಆದ್ರೆ ಮಾತಾಡ್ಲಿ ಬಿಡಿ, ತಿರುವು ತಪ್ಪಿ ಸುತ್ತು ಹೊಡೆಯೋದಕ್ಕಿಂತ ಹಾಡು ನಾಲ್ಕು ಸಲ ಕುಗ್ಗೋದು ವಾಸಿ.

ಇದನ್ನೆಲ್ಲ ಗಾಡಿ ನಿಂತಿದ್ದಾಗಲೇ ಮಾಡಿ, ಹಾಡು ಹಾಕಿ, ಯಾರಿಗಾದ್ರೂ ಒಂದು ಮೆಸೇಜ್ ಕಳ್ಸು ಅನ್ನಿ. ಟಿಂಗ್ ಕೇಳಿಸದೆ ಹಾಡು ಮಾತ್ರ ಒಂದು ಕ್ಷಣ ಕುಗ್ಗಿದ್ರೆ ಆ ಆ್ಯಪ್ ಇನ್ನೂ ಆಡಿಯೋ ಫೋಕಸ್ ಕೇಳ್ತಿರಬಹುದು, ಅದರ ನೋಟಿಫಿಕೇಶನ್ ಟೋನ್‌ನ 'None' (ಯಾವ ಟೋನೂ ಬೇಡ) ಅಂತ ಮಾಡಿ ಇನ್ನೊಂದು ಮೆಸೇಜ್ ಕಳ್ಸೋಕೆ ಹೇಳಿ.