ಚೇತಕ್ ಪೋರ್ಟ್ ಟೈಮಿಂಗ್: ಫೈಲ್ ಹಿಡಿಯೋಕೆ ಮುಂಚೆ ಡಿಗ್ರಿ ಅಳೆದ ಕಥೆ

ನಮ್ಮಪ್ಪನ ಹಳೇ ಟೂ ಸ್ಟ್ರೋಕ್ ಚೇತಕ್ ಈಗಲೂ ನಮ್ಮನೇಲಿ ಐತೆ, ದಿನಾ ಓಡ್ತೈತೆ. ಮಂಡಿಪೇಟೆಯಿಂದ ಅಂಗಡಿಗೆ ಎಣ್ಣೆ ಡಬ್ಬ ತರೋದು ಅದರಲ್ಲೇ, ತಿಂಗಳಿಗೊಮ್ಮೆ ದುರ್ಗಕ್ಕೆ ಅಮ್ಮನ ತವರಿಗೆ ಹೋಗೋದೂ ಅದರಲ್ಲೇ. ದಾವಣಗೆರೆ ಒಳಗೆ ಏನೂ ತೊಂದ್ರೆ ಇಲ್ಲ, ನೆಲ ಸಪಾಟು, ಆದ್ರೆ ಭರಮಸಾಗರ ದಾಟಿ ದುರ್ಗದ ಕಡೆ ಏರು ಶುರುವಾದ್ರೆ ಇಬ್ಬರು ಕೂತಾಗ ಮೂರನೇ ಗೇರಲ್ಲಿ ಎಳೀತಿರಲಿಲ್ಲ, ಎರಡಕ್ಕೆ ಇಳಿಸಲೇಬೇಕಿತ್ತು. ನನಗೆ ಬೇಕಾಗಿದ್ದು ಟಾಪ್ ಸ್ಪೀಡ್ ಅಲ್ಲ, ಆ ಏರಲ್ಲಿ ಮೂರನೇ ಗೇರ್ ಎಳೀಬೇಕು ಅಷ್ಟೇ.

ಟೂ ಸ್ಟ್ರೋಕ್ ಇಂಜಿನ್ನಿನ ಬ್ಯಾರಲ್ (ಪಿಸ್ಟನ್ ಓಡಾಡೋ ಸಿಲಿಂಡರ್) ಗೋಡೇಲಿ ತೂತುಗಳಿರ್ತವೆ, ಅವೇ ಪೋರ್ಟ್. ಹೊಸ ಪೆಟ್ರೋಲ್-ಗಾಳಿ ಮಿಶ್ರಣ, ಅಂದ್ರೆ ಚಾರ್ಜ್, ಒಳಗೆ ಬರೋದು ಟ್ರಾನ್ಸ್‌ಫರ್ ಪೋರ್ಟಲ್ಲಿ, ಸುಟ್ಟ ಗ್ಯಾಸ್ ಹೊರಗೆ ಹೋಗೋದು ಎಕ್ಸಾಸ್ಟ್ ಪೋರ್ಟಲ್ಲಿ. ಅವು ಯಾವಾಗ ತೆರೆದು ಯಾವಾಗ ಮುಚ್ತವೆ ಅನ್ನೋದೇ ಪೋರ್ಟ್ ಟೈಮಿಂಗ್, ಅದನ್ನ ಬದಲಾಯಿಸೋಕೆ ಹೊರಟೆ. ಮೊದಲನೇ ಸಲ ತಪ್ಪು ಮಾಡ್ದೆ. ಎಕ್ಸಾಸ್ಟ್ ಪೋರ್ಟ್ ಮೇಲೆ ಎತ್ತಿದ್ರೆ ಪವರ್ ಬರ್ತೈತೆ ಅಂತ ಯಾರೋ ಹೇಳಿದ್ದು ಕೇಳಿ, ಏನೂ ಅಳೀದೆ 3 ಮಿ.ಮೀ. ಎತ್ತಿ, ಅಕ್ಕಪಕ್ಕನೂ ಅಗಲ ಮಾಡಿ, ಮೇಲಿನ ಅಂಚು ನೇರ ಗೆರೆ ಹಾಗೆ ಬಿಟ್ಟುಬಿಟ್ಟೆ. ಗಾಡಿ ಕೆಳಗಿನ ಆರ್‌ಪಿಎಂನಲ್ಲಿ ಸತ್ತೇ ಹೋಯ್ತು, ಗುಂಡಿ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟರೆ ಕ್ಲಚ್ ಜಾರಿಸ್ಕೊಂಡೇ ಹೊರಡಬೇಕಿತ್ತು. ಇನ್ನೂರು ಕಿ.ಮೀ. ಓಡೋದ್ರೊಳಗೆ ಪೋರ್ಟ್ ಅಂಚಿಗೆ ಪಿಸ್ಟನ್ ರಿಂಗ್ ಸಿಕ್ಕಿ ಮುರೀತು. ರಿಂಗ್ ಯಾವಾಗಲೂ ಹೊರಗೆ ಒತ್ತುತಾ ಇರ್ತೈತೆ, ಅಗಲ ಪೋರ್ಟ್ ಎದುರು ಬಂದಾಗ ಸ್ವಲ್ಪ ಉಬ್ಬಿ ಒಳಗೆ ಇಣುಕ್ತೈತೆ, ಅಂಚು ನೇರ ಇದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತೈತೆ. ಆ ಬ್ಯಾರಲ್ ಹೋಯ್ತು, ಕೆರೆದ ಕಬ್ಬಿಣ ವಾಪಸ್ ಬರಲ್ಲ.

ಎರಡನೇ ಬ್ಯಾರಲ್ ತಂದ ಮೇಲೆ ಒಂದು ವಾರ ಫೈಲ್ ಮುಟ್ಟಲೇ ಇಲ್ಲ, ಬರೀ ಅಳೆಯೋದು. ಹಳೇ ಸಿಡಿಗೆ 360 ಡಿಗ್ರಿ ಗುರುತಿನ ಕಾಗದ ಅಂಟಿಸಿ ಕ್ರ್ಯಾಂಕ್ ಜತೆ ತಿರುಗೋ ಮ್ಯಾಗ್ನೆಟ್ ಮೇಲೆ ನಡುವಿಗೆ ಸರಿಯಾಗಿ ಕೂರಿಸಿದೆ, ಕೇಸ್ ಬೋಲ್ಟಿಗೆ ಒಂದು ತಂತಿ ಕಟ್ಟಿ ಅದನ್ನೇ ಮುಳ್ಳು ಮಾಡ್ದೆ. ಹೆಡ್ ತೆಗೆದು, ಸ್ಟಡ್‌ಗಳಿಗೆ ಪೈಪ್ ತುಂಡು ಹಾಕಿ ನಟ್ ಬಿಗಿದು ಬ್ಯಾರಲ್ ಅಲ್ಲಾಡದ ಹಾಗೆ ನಿಲ್ಲಿಸಬೇಕು. ಇಲ್ಲಿ ಎಲ್ಲರೂ ಎಡವೋದು ಟಿಡಿಸಿ, ಅಂದ್ರೆ ಪಿಸ್ಟನ್ ಪೂರ್ತಿ ಮೇಲಿರೋ ಜಾಗ, ಹಿಡಿಯೋದ್ರಲ್ಲಿ. ಪಿಸ್ಟನ್ ತುದಿಗೆ ಬಂದಾಗ ನಾಲ್ಕೈದು ಡಿಗ್ರಿ ತಿರುಗಿಸಿದ್ರೂ ಅದು ನಿಂತಹಾಗೇ ಕಾಣ್ತೈತೆ, ಕಣ್ಣಳತೆ ನಂಬೋ ಹಾಗಿಲ್ಲ. ಅದಕ್ಕೆ ಎರಡು ಸ್ಟಡ್‌ಗೆ ಅಡ್ಡ ಒಂದು ಪಟ್ಟಿ, ಪಟ್ಟಿ ನಡುವೆ ಬೋಲ್ಟ್ ಹಾಕಿ ಪಿಸ್ಟನ್ ಮೇಲಕ್ಕೆ ಬರೋ ಮುಂಚೆ ತಡೆಯೋ ಹಾಗೆ ಮಾಡಿ, ಒಂದು ಕಡೆ ತಿರುಗಿಸಿ ತಾಗಿದಲ್ಲಿ ಡಿಗ್ರಿ ಬರೆದು, ಇನ್ನೊಂದು ಕಡೆ ತಿರುಗಿಸಿ ತಾಗಿದಲ್ಲಿ ಬರೆದು, ಎರಡರ ಮಧ್ಯಬಿಂದುಗೆ ಸೊನ್ನೆ ಇಟ್ಟೆ. ಆಮೇಲೆ ಪಟ್ಟಿ ತೆಗೆದು ಪೋರ್ಟ್ ಒಳಗೆ ಟಾರ್ಚ್ ಬಿಟ್ಟು, ಪಿಸ್ಟನ್ ಅಂಚು ದಾಟಿ ಬೆಳಕು ಕಾಣೋ ಜಾಗ ನೋಡ್ಕೊಂಡೆ, ಪ್ರತಿ ಪೋರ್ಟಿಗೂ ಮೂರು ಸಲ.

ನನ್ನ ಬ್ಯಾರಲ್‌ನಲ್ಲಿ ಎಕ್ಸಾಸ್ಟ್ 156 ಡಿಗ್ರಿ, ಟ್ರಾನ್ಸ್‌ಫರ್ 110 ಡಿಗ್ರಿ ಬಂತು, ಅಂದ್ರೆ ಒಂದು ಸುತ್ತಿನಲ್ಲಿ ಕ್ರ್ಯಾಂಕ್ ಅಷ್ಟು ಡಿಗ್ರಿ ತಿರುಗೋವರೆಗೂ ಆ ಪೋರ್ಟ್ ತೆರೆದಿರ್ತೈತೆ. ವ್ಯತ್ಯಾಸ 46, ಅದರಲ್ಲಿ ಅರ್ಧ 23, ಅದೇ ಬ್ಲೋಡೌನ್. ಎಕ್ಸಾಸ್ಟ್ ತೆರೆದು ಟ್ರಾನ್ಸ್‌ಫರ್ ತೆರೆಯೋದ್ರೊಳಗೆ ಸುಟ್ಟ ಗ್ಯಾಸಿನ ಪ್ರೆಷರ್ ಇಳೀಬೇಕಲ್ಲ, ಆ ಟೈಮ್ ಇದು. ಕಡಿಮೆ ಆದ್ರೆ ಸುಟ್ಟ ಗ್ಯಾಸ್ ಟ್ರಾನ್ಸ್‌ಫರ್ ಒಳಗೇ ವಾಪಸ್ ನುಗ್ತೈತೆ, ಎಕ್ಸಾಸ್ಟ್ ಬಾಳ ಬೇಗ ತೆರೆದ್ರೆ ಪಿಸ್ಟನ್ ತಳ್ಳಬೇಕಾದ ಪ್ರೆಷರ್ ಮೊದಲೇ ಹೊರಗೆ ಹೋಗ್ತೈತೆ. ಹಾಳಾದ ಬ್ಯಾರಲ್ ಲೆಕ್ಕ ಹಾಕಿ ನೋಡಿದ್ರೆ ಅದರ ಎಕ್ಸಾಸ್ಟ್ ಸುಮಾರು 169 ಆಗಿತ್ತು, ಟ್ರಾನ್ಸ್‌ಫರ್ ಮಾತ್ರ ಅದೇ 110. ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ ರೇಸಿಂಗ್ ಸೈಲೆನ್ಸರ್) ಇದ್ರೆ ಹೊರಗೆ ಹೋದ ಚಾರ್ಜನ್ನ ಅಲೆ ವಾಪಸ್ ತಳ್ತೈತೆ, ಕಂಪನಿ ಸೈಲೆನ್ಸರ್‌ಗೆ ಆ ಕೆಲಸ ಬರಲ್ಲ, ಪೆಟ್ರೋಲ್ ಹಾಗೇ ಹೊರಗೆ.

ಚೇತಕ್ ಬೋರ್ 57, ಸ್ಟ್ರೋಕ್ 57 ಮಿ.ಮೀ., 145 ಸಿಸಿ ಚಿಲ್ಲರೆ. ಕನೆಕ್ಟಿಂಗ್ ರಾಡ್ 105 ಇಟ್ಕೊಂಡು ಲೆಕ್ಕ ಹಾಕಿದ್ರೆ ಬ್ಯಾರಲ್ 1 ಮಿ.ಮೀ. ಎತ್ತಿದಾಗ ಎಕ್ಸಾಸ್ಟ್ ಸುಮಾರು 4 ಡಿಗ್ರಿ, ಟ್ರಾನ್ಸ್‌ಫರ್ ಐದೂವರೆ ಡಿಗ್ರಿ ಹೆಚ್ಚಾಗ್ತೈತೆ, ಯಾಕಂದ್ರೆ ಕೆಳಗೆ ಹೋದಷ್ಟೂ ಪಿಸ್ಟನ್ ನಿಧಾನ. ಇದು ಗೊತ್ತಾದ ಮೇಲೆ ದಾರಿ ಸಿಕ್ತು. ಟ್ರಾನ್ಸ್‌ಫರ್ ಒಳಗೆ ಫೈಲ್ ಹಾಕೋದು ಕಷ್ಟ, ಕೋನ ಕೆಟ್ಟರೆ ಚಾರ್ಜ್ ನೇರ ಎಕ್ಸಾಸ್ಟ್ ಕಡೆ ಹೋಗ್ತೈತೆ, ಹಂಗಾಗಿ ಬ್ಯಾರಲ್ ಕೆಳಗೆ 1 ಮಿ.ಮೀ. ಅಲ್ಯೂಮಿನಿಯಂ ಪ್ಯಾಕಿಂಗ್ ಕೊಟ್ಟು ಇಡೀ ಬ್ಯಾರಲ್ ಎತ್ತಿಬಿಟ್ಟೆ. ಚೇತಕ್‌ನಲ್ಲಿ ಇನ್‌ಟೇಕ್ ತೆರೆಯೋದು ಮುಚ್ಚೋದು ಕ್ರ್ಯಾಂಕ್ ವೆಬ್ (ಕ್ರ್ಯಾಂಕಿನ ದಪ್ಪ ಚಕ್ರದ ಅಂಚು), ಪಿಸ್ಟನ್ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಅಲ್ಲ, ಆದ್ರಿಂದ ಎತ್ತಿದ್ರೂ ಇನ್‌ಟೇಕ್ ಟೈಮಿಂಗ್ ಬದಲಾಗಲ್ಲ. ಪಿಸ್ಟನ್ನೇ ಇನ್‌ಟೇಕ್ ತೆರೆದು ಮುಚ್ಚೋ ಪಿಸ್ಟನ್ ಪೋರ್ಟ್ ಗಾಡಿಗೆ ಇದೇ ಮಾಡಿದ್ರೆ ಇನ್‌ಟೇಕ್ ಕಡಿಮೆ ಆಗ್ತೈತೆ, ನೆನಪಿಟ್ಕೊಳ್ರಿ.

ಎತ್ತಿದ ಮೇಲೆ ಕಂಪ್ರೆಷನ್ ಬೀಳ್ತೈತೆ. ಹದಡಿ ರೋಡಿನ ಒಂದು ಲೇತ್‌ನಲ್ಲಿ ಬ್ಯಾರಲ್ ಮೇಲ್ಗಡೆಯಿಂದ 1.3 ಮಿ.ಮೀ. ತೆಗೆಸ್ದೆ. ಅದು ಹರಿಹರದ ಮೈಸೂರ್ ಕಿರ್ಲೋಸ್ಕರ್ ಲೇತ್, ಕಂಪನಿ ಬಂದ್ ಆಗಿ ಎಷ್ಟೋ ವರ್ಷ ಆದ್ರೂ ಮಷಿನ್ ಇವತ್ತಿಗೂ ಕೂದಲಷ್ಟೂ ತಪ್ಪಲ್ಲ, ಟರ್ನರ್ ಅಣ್ಣ ಕೆಲಸ ಮಾಡೋದನ್ನ ನೋಡ್ತಾ ನಿಂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಬಿಟ್ಟು ಒಂದು ಸುತ್ತು ತಿರುಗಿಸಿ ವರ್ನಿಯರ್‌ನಲ್ಲಿ ಅಳೆದೆ, ಮೊದಲು 1.8 ಮಿ.ಮೀ. ಇದ್ದ ಸ್ಕ್ವಿಷ್, ಅಂದ್ರೆ ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದಕ್ಕೂ ಹೆಡ್ಡಿಗೂ ಇರೋ ಸಂದಿ, ಈಗ 1.5.

ಆಮೇಲೇ ಫೈಲ್. ಎಕ್ಸಾಸ್ಟ್ ಚಾವಣಿ ಬರೀ 0.8 ಮಿ.ಮೀ., ಮಾರ್ಕರ್ ಬಳಿದು ಗೆರೆ ಕೊರೆದು, ಗೆರೆ ತನಕ ಮಾತ್ರ. ಅಗಲ ಮುಟ್ಟಲಿಲ್ಲ. ಮೇಲಿನ ಅಂಚು ಕಮಾನಿನ ಹಾಗೆ ಇಟ್ಟು, ಸುತ್ತ ಸಣ್ಣ ಎಮರಿ ಪೇಪರ್‌ನಲ್ಲಿ ಚೂಪು ತೆಗೆದೆ. ರಿಂಗ್ ಬಾಯಿ (ಎರಡು ತುದಿ ಸೇರೋ ಸಂದಿ) ಯಾವ ಪೋರ್ಟ್ ಮೇಲೂ ಬರ್ತಿಲ್ಲ ಅಂತ, ಪಿಸ್ಟನ್‌ನಲ್ಲಿ ರಿಂಗ್ ತಿರುಗದ ಹಾಗೆ ತಡೆಯೋ ಸಣ್ಣ ಪಿನ್ ನೋಡಿ ಖಾತ್ರಿ ಮಾಡ್ಕೊಂಡೆ. ಮತ್ತೆ ಆ ಡಿಗ್ರಿ ಸಿಡಿ ಹಾಕಿದಾಗ ಎಕ್ಸಾಸ್ಟ್ 164, ಟ್ರಾನ್ಸ್‌ಫರ್ 115, ಬ್ಲೋಡೌನ್ ಇಪ್ಪತ್ತನಾಲ್ಕೂವರೆ.

ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹರಿಯೋ ತೂತು) ಒಂದು ಸೈಜ್ ದೊಡ್ಡದು ಹಾಕ್ದೆ, ಪ್ಲಗ್ ಬೆಳ್ಳಗೆ ಬಂತು, ಅಂದ್ರೆ ಪೆಟ್ರೋಲ್ ಇನ್ನೂ ಸಾಲ್ತಿಲ್ಲ, ಇನ್ನೊಂದು ಸೈಜ್ ಏರಿಸಿದ ಮೇಲೆ ಕಾಫಿ ಬಣ್ಣಕ್ಕೆ ತಿರುಗ್ತು. ಮೊದಲ 500 ಕಿ.ಮೀ. ಲೀಟರ್‌ಗೆ 30 ಎಂಎಲ್ ಆಯಿಲ್, ಆಮೇಲೆ ಮಾಮೂಲಿ 20. ಕೊಂಡಜ್ಜಿ ರೋಡಲ್ಲಿ ಬೆಳಿಗ್ಗೆ ಬೆಳಿಗ್ಗೆ ನಿಧಾನ ಓಡಿಸಿ ಹದ ಮಾಡಿದೆ.

ದುರ್ಗದ ಏರಲ್ಲಿ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಹೋದಾಗ ಮೂರನೇ ಗೇರಲ್ಲೇ ದಮ್ಮು ಕಳ್ಕೊಳ್ದೆ ಎಳೀತು, ಆ ಖುಷಿ ಹೇಳೋಕಾಗಲ್ಲ. ಮೈಲೇಜ್ ಲೀಟರ್‌ಗೆ ಮೂರ್ನಾಲ್ಕು ಕಿ.ಮೀ. ಇಳಿದೈತೆ, ಸ್ಟಾರ್ಟ್ ಮಾಡೋಕೆ ಐಡ್ಲಿಂಗ್‌ಗೆ ಏನೂ ತೊಂದ್ರೆ ಇಲ್ಲ. 800 ಕಿ.ಮೀ. ಆದ ಮೇಲೆ ಹೆಡ್, ಬ್ಯಾರಲ್ ಬಿಚ್ಚಿ ನೋಡ್ದೆ, ರಿಂಗ್ ಮೇಲೆ ಒಂದು ಗೀರೂ ಇರಲಿಲ್ಲ, ಪೋರ್ಟ್ ಅಂಚು ನಯವಾಗಿ ಹೊಳೀತಿತ್ತು, ಹೊಸ ಪೇಪರ್ ಪ್ಯಾಕಿಂಗ್ ಹಾಕಿ ಮುಚ್ಚಿದೆ.