ಕ್ವಾಲಾಲಂಪುರ, ಮಲಕ್ಕಾ, ಸಿಂಗಪುರ: ಮೊದಲ ವಿದೇಶ ಪ್ರವಾಸ ಹೀಗೆ ಹೊಂದಿಸಿಕೊಳ್ಳಿ

ಮೊದಲ ಸಲ ವಿದೇಶಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಶುರುವಿಗೇ ವಿಮಾನದ ಟಿಕೆಟ್ ಕೊಂಡುಬಿಡುತ್ತಾರೆ. ಆಫರ್ ಬಂತು, ಸಿಂಗಪುರಕ್ಕೆ ಹೋಗಿ ಬರುವ ಟಿಕೆಟ್ ಕಡಿಮೆಗೆ ಸಿಕ್ಕಿತು, ಬುಕ್ ಆಯಿತು. ಆಮೇಲೆ "ಪಕ್ಕದಲ್ಲೇ ಮಲೇಷ್ಯಾ ಇದೆಯಲ್ಲ, ಅದನ್ನೂ ನೋಡಿಬಿಡೋಣ" ಅನ್ನಿಸುತ್ತದೆ. ಅಲ್ಲಿಂದ ತೊಂದರೆ ಶುರು. ಮಲೇಷ್ಯಾಕ್ಕೆ ಹೋದ ದಾರಿಯಲ್ಲೇ ವಾಪಸ್ ಸಿಂಗಪುರಕ್ಕೆ ಬರಬೇಕು, ಒಂದೇ ಗಡಿಯನ್ನು ಎರಡು ಸಲ ದಾಟಬೇಕು, ಒಂದು ಇಡೀ ದಿನ ಬಸ್ಸಿನಲ್ಲೇ ಕಳೆಯಬೇಕು. ನೆಂಟರಲ್ಲಿ, ಆಫೀಸಿನಲ್ಲಿ ಹೀಗೆ ಸಿಕ್ಕಿಕೊಂಡವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಒಂದು ವಾರದ ರಜೆಯಲ್ಲಿ ಎರಡು ದೇಶ, ಮೂರು ಊರು ಆರಾಮಾಗಿ ನೋಡಬಹುದು. ಆದರೆ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು.

1. ಪಾಸ್‌ಪೋರ್ಟ್ ತೆಗೆದು ನೋಡಿ

ಅಲ್ಲಿಗೆ ಇಳಿಯುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಇರಬೇಕು. ಇಲ್ಲದಿದ್ದರೆ ಮೊದಲು ನವೀಕರಣ, ಉಳಿದದ್ದೆಲ್ಲ ಆಮೇಲೆ.

ಹೆಸರಿನ ವಿಷಯಕ್ಕೆ ಗಮನ ಕೊಡಿ. ನಮ್ಮಲ್ಲಿ ಇನಿಷಿಯಲ್ ಜಾಸ್ತಿ, ಮನೆತನದ ಹೆಸರು ಕಡಿಮೆ. ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಟಿಕೆಟ್ ಬುಕ್ ಮಾಡುವಾಗ ಆ ಜಾಗ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಆಗ ಆಧಾರ್‌ನಲ್ಲಿರುವ ಇನಿಷಿಯಲ್ಲೋ ಗಂಡನ ಹೆಸರೋ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಇಂಥ ಪಾಸ್‌ಪೋರ್ಟ್‌ಗೆ ಏನು ಹಾಕಬೇಕು ಅನ್ನುವ ನಿಯಮ ಒಂದೊಂದು ವಿಮಾನ ಕಂಪನಿಯಲ್ಲಿ ಒಂದೊಂದು ಥರ ಇದೆ. ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ. ಮಧ್ಯವರ್ತಿ ಆ್ಯಪ್‌ಗಳಲ್ಲಿ ಕೊಂಡರೆ ಹೆಸರು ತಿದ್ದಿಸುವುದು ದೊಡ್ಡ ತಲೆನೋವು. ಟಿಕೆಟನ್ನು ನೇರ ವಿಮಾನ ಕಂಪನಿಯಲ್ಲೇ ಕೊಳ್ಳಿ ಅನ್ನುವುದು ನನ್ನ ಗಟ್ಟಿ ಸಲಹೆ.

2. ಕ್ಯಾಲೆಂಡರ್ ಎದುರಿಟ್ಟುಕೊಂಡು ರಾತ್ರಿಗಳನ್ನು ಎಣಿಸಿ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಮೊದಲ ನಿಯಮ: ಒಂದೇ ದಿಕ್ಕಿನಲ್ಲಿ ಹೋಗಿ. ಕ್ವಾಲಾಲಂಪುರದಲ್ಲಿ ಇಳಿಯಿರಿ, ಮಲಕ್ಕಾ ಮೂಲಕ ದಕ್ಷಿಣಕ್ಕೆ ಬನ್ನಿ, ಸಿಂಗಪುರದಿಂದ ಬೆಂಗಳೂರಿಗೆ ಹಾರಿ. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಅಗ್ಗದ ವಿಮಾನಗಳಾದರೆ ಹೋಗುವುದು ಒಂದು ಟಿಕೆಟ್, ಬರುವುದು ಇನ್ನೊಂದು ಟಿಕೆಟ್ ಮಾಡಿ ನೋಡಿ. ಸಾವಿರ ಎರಡು ಸಾವಿರ ಜಾಸ್ತಿಯಾದರೂ ಇದೇ ಲಾಭ. ಸುಮ್ನೆ ವಾಪಸ್ ಬರುವ ಬಸ್ಸಿನ ಖರ್ಚೂ ಒಂದು ದಿನದ ರಜೆಯೂ ಉಳಿಯುತ್ತವೆ.

ಸಿಂಗಪುರದಿಂದ ಶುರು ಮಾಡಿದರೆ ಆಗಲ್ವಾ? ಆಗುತ್ತದೆ. ಆದರೆ ನನ್ನ ಮತ ಬೇರೆ. ಮಲೇಷ್ಯಾದಲ್ಲಿ ಹೋಟೆಲ್, ಊಟ, ಟ್ಯಾಕ್ಸಿ ಎಲ್ಲವೂ ಸಿಂಗಪುರಕ್ಕಿಂತ ತುಂಬಾ ಕಡಿಮೆ. ಹೊಸಬರು ಅಲ್ಲಿ ನಿಧಾನವಾಗಿ ಅಭ್ಯಾಸ ಮಾಡಿಕೊಳ್ಳಲಿ. ಕೊಳ್ಳುವುದು ಕೊನೆಯ ಊರಿನಲ್ಲಿ ಇರಲಿ. ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ.

ಎರಡನೇ ನಿಯಮ: ದಿನಗಳನ್ನಲ್ಲ, ರಾತ್ರಿಗಳನ್ನು ಎಣಿಸಿ. ಅದೂ ವಾರದ ಹೆಸರು ಹಿಡಿದು. ನಾನು ಎಲ್ಲರಿಗೂ ಹೇಳುವ ಲೆಕ್ಕ ಇದು. ಬುಧವಾರ ರಾತ್ರಿ ಬೆಂಗಳೂರು ಬಿಡಿ. ಗುರುವಾರ, ಶುಕ್ರವಾರ ರಾತ್ರಿ ಕ್ವಾಲಾಲಂಪುರ. ಶನಿವಾರ, ಭಾನುವಾರ ರಾತ್ರಿ ಮಲಕ್ಕಾ. ಸೋಮವಾರ, ಮಂಗಳವಾರ, ಬುಧವಾರ ರಾತ್ರಿ ಸಿಂಗಪುರ. ಮುಂದಿನ ಗುರುವಾರ ವಾಪಸ್.

ಈ ವಾರಗಳಿಗೆ ಕಾರಣ ಇದೆ. ಮಲಕ್ಕಾದ ಜೋಂಕರ್ ಬೀದಿಯ ರಾತ್ರಿ ಸಂತೆ ನಡೆಯುವುದು ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಮಂಗಳವಾರ ಹೋದವರಿಗೆ ಬರೀ ಮುಚ್ಚಿದ ಅಂಗಡಿ ಕಾಣುತ್ತದೆ. ಕ್ವಾಲಾಲಂಪುರದ ಪೆಟ್ರೋನಾಸ್ ಅವಳಿ ಗೋಪುರದ ಮೇಲೆ ಹತ್ತಲು ಸೋಮವಾರ ಬಿಡುವುದಿಲ್ಲ. ಇನ್ನು ಮಲೇಷ್ಯಾ–ಸಿಂಗಪುರ ಗಡಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಅಲ್ಲಿ ಜನಜಾತ್ರೆ. ಕೆಲಸದ ದಿನ ಬೆಳಗಿನ ಜಾವ ಗಡಿಗೆ ಅಂಟಿರುವ ಮಲೇಷ್ಯಾದ ಜೊಹೊರ್ ಕಡೆಯಿಂದ ಸಿಂಗಪುರಕ್ಕೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲು. ಸೋಮವಾರ ಬೆಳಿಗ್ಗೆ 9 ಅಥವಾ 10ಕ್ಕೆ ಮಲಕ್ಕಾ ಬಿಟ್ಟರೆ ಮಧ್ಯಾಹ್ನ, ಗದ್ದಲ ಇಳಿದ ಹೊತ್ತಿಗೆ ಗಡಿಗೆ ಬರುತ್ತೀರಿ. ಎರಡೂ ದೇಶಗಳ ಶಾಲಾ ರಜೆ, ಚೀನೀ ಹೊಸ ವರ್ಷ, ಹರಿ ರಾಯ (ಈದ್) ಹಬ್ಬದ ವಾರಗಳನ್ನು ಬಿಟ್ಟುಬಿಡಿ. ಸಿಂಗಪುರದಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುವ ವಾರವೂ ಬೇಡ. ಹೋಟೆಲ್ ಬಾಡಿಗೆ ಕೇಳಲಾಗದಷ್ಟು ಏರುತ್ತದೆ.

ಮೂರನೇ ನಿಯಮ: ನಾಲ್ಕನೇ ಊರು ಸೇರಿಸಬೇಡಿ. ಪೆನಾಂಗ್ ಚೆಂದ, ಲಂಕಾವಿ ಚೆಂದ. ಅವು ಎರಡೂ ಉತ್ತರಕ್ಕಿವೆ, ನೀವು ಹೊರಟಿರುವುದು ದಕ್ಷಿಣಕ್ಕೆ. ಗೆಂಟಿಂಗ್ ಬೆಟ್ಟವನ್ನು ಎಲ್ಲ ಪ್ಯಾಕೇಜ್‌ನವರೂ ತುರುಕುತ್ತಾರೆ. ಮಂಜು, ತಂಪು ಗಾಳಿ ಬೇಕಾದರೆ ನಮಗೆ ಚಿಕ್ಕಮಗಳೂರು ಇದೆ. ಆ ದಿನವನ್ನು ಕ್ವಾಲಾಲಂಪುರಕ್ಕೇ ಕೊಡಿ.

ಮಲಕ್ಕಾ ಏಕೆ ಅಂತ ಕೇಳುವವರಿಗೆ ಒಂದು ಮಾತು. ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡ. ಮರುವರ್ಷವೇ ಹಡಗು ತೆಗೆದುಕೊಂಡು ಹೋಗಿ ಮಲಕ್ಕಾ ಹಿಡಿದ. ಆ ಕೋಟೆಯ ಬಾಗಿಲು ಈಗಲೂ ನಿಂತಿದೆ. 1641ರಲ್ಲಿ ಡಚ್ಚರು ಬಂದರು, ಆಮೇಲೆ ಬ್ರಿಟಿಷರು. ಚೀನೀ ಗುಡಿ, ಮಸೀದಿ, 18ನೇ ಶತಮಾನದ ಗಣಪತಿ ದೇವಸ್ಥಾನ ಒಂದೇ ಬೀದಿಯಲ್ಲಿವೆ. ಈ ಊರು 2008ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಎಲ್ಲವನ್ನೂ ನಡೆದೇ ನೋಡಬಹುದು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಎರಡು ದೊಡ್ಡ ನಗರಗಳ ನಡುವೆ ಇಂಥ ಊರು ಬೇಕೇ ಬೇಕು.

3. ವೀಸಾ

ಮಲೇಷ್ಯಾಕ್ಕೆ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. 2023ರ ಡಿಸೆಂಬರ್ 1ರಿಂದ ಶುರುವಾದ ಈ ವಿನಾಯಿತಿ 2026ರ ಕೊನೆಯವರೆಗೆ ಇದೆ. ಸಿಂಗಪುರಕ್ಕೆ ಮಾತ್ರ ಹೊರಡುವ ಮೊದಲೇ ವೀಸಾ ಬೇಕು. ಭಾರತದಲ್ಲಿರುವ ಸಿಂಗಪುರದ ಹೈಕಮಿಷನ್ (ರಾಯಭಾರ ಕಚೇರಿ) ಒಪ್ಪಿದ ಏಜೆಂಟರ ಪಟ್ಟಿ ಇದೆ, ಆ ಪಟ್ಟಿಯವರ ಹತ್ತಿರವೇ ಹೋಗಿ. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್. ಅದರ ಮೇಲೆ ಏಜೆಂಟರು ಎಷ್ಟು ಹಾಕುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಬರುವುದಿಲ್ಲ. ಒಂದು ತಿಂಗಳ ಮೊದಲು ಅರ್ಜಿ ಹಾಕಿದರೆ ಗಾಬರಿ ಇರುವುದಿಲ್ಲ.

ಹಣ ವಾಪಸ್ ಬಾರದ ಟಿಕೆಟನ್ನು ಈ ವೀಸಾ ಕೈಗೆ ಬಂದ ಮೇಲೆಯೇ ಕೊಳ್ಳಿ. ಹೋಟೆಲ್ ಮಾತ್ರ ಉಚಿತ ರದ್ದತಿ ಇರುವುದನ್ನು ಮೊದಲೇ ಹಿಡಿದಿಡಬಹುದು.

4. ಟಿಕೆಟ್, ಹೋಟೆಲ್, ಹಣ

ತಾರೀಕು ನೋಡುವಾಗ ಹುಷಾರು. ಗುರುವಾರ 00.15ಕ್ಕೆ ಅಂತ ಇದ್ದರೆ ಅದು ಬುಧವಾರ ಮಧ್ಯರಾತ್ರಿ. ಬುಧವಾರ ರಾತ್ರಿ ಊಟ ಮುಗಿಸಿ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಇರಬೇಕು. ಗುರುವಾರ ರಾತ್ರಿ ಹೋಗಿ ನಿಂತವರು ಇದ್ದಾರೆ. ವಿಮಾನ ಸುಮಾರು 4 ಗಂಟೆ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಬೆಳಿಗ್ಗೆ ಇಳಿಯುತ್ತೀರಿ. ಹೋಟೆಲ್ ರೂಮು ಕೊಡುವುದು ಮಧ್ಯಾಹ್ನ 2 ಅಥವಾ 3ಕ್ಕೆ. ಲಗೇಜನ್ನು ರಿಸೆಪ್ಷನ್‌ನಲ್ಲಿ ಇಟ್ಟು ಹೊರಗೆ ಬನ್ನಿ.

ಕ್ವಾಲಾಲಂಪುರದಲ್ಲಿ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲೇ ಉಳಿದುಕೊಳ್ಳಿ. ಗೋಪುರ ಕಾಣುವ ಹೋಟೆಲಿಗೆ ದುಪ್ಪಟ್ಟು ಕೊಡಬೇಡಿ. ವಿಮಾನ ನಿಲ್ದಾಣದಿಂದ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಇಲ್ಲಿಗೆ ತಂದು ಬಿಡುತ್ತದೆ. ಬಸ್ಸು ನಿಧಾನ, ಆದರೆ ತುಂಬಾ ಅಗ್ಗ. ಮುರುಗನ್ ದೇವಸ್ಥಾನ ಇರುವ ಬಾಟು ಗುಹೆಯ ರೈಲು ಇಲ್ಲಿಂದಲೇ ಹೊರಡುತ್ತದೆ. ಬಾಳೆ ಎಲೆ ಊಟ, ಇಡ್ಲಿ, ಕಾಫಿ ಸಿಗುವ ಬೀದಿ ಇದು. ಸಸ್ಯಾಹಾರಿಗಳು ಬೇರೆ ಕಡೆ ತಿನ್ನುವಾಗ ಕೇಳಿಯೇ ತಿನ್ನಿ. ಬರೀ ಸೊಪ್ಪಿನ ಪಲ್ಯದಲ್ಲೂ ಸೀಗಡಿಯ ಪೇಸ್ಟ್ ಇರುತ್ತದೆ. ಬಾಟು ಗುಹೆಯ 272 ಮೆಟ್ಟಿಲನ್ನು ಶುಕ್ರವಾರ ಬೆಳಿಗ್ಗೆ, ಬಿಸಿಲೇರುವ ಮೊದಲು ಹತ್ತಿ. ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಕೈಯಲ್ಲಿ ತಿಂಡಿ ಬೇಡ. ಕೋತಿ ಬಿಡುವುದಿಲ್ಲ.

ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿಕೊಳ್ಳಿ. ಅಲ್ಲಿ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ರಿಂಗಿಟ್‌ನಲ್ಲಾ?" ಅಂತ ಕೇಳಿದರೆ ಮಲೇಷ್ಯಾದ ಹಣವಾದ ರಿಂಗಿಟ್ ಒತ್ತಿ. ಸಿಂಗಪುರದಲ್ಲಿ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕಿ ಜಾಸ್ತಿ ಕೀಳುತ್ತಾರೆ. ಒಟಿಪಿ ಬರಲು ಇಲ್ಲಿನ ಸಿಮ್ ಫೋನಿನಲ್ಲೇ ಇರಲಿ, ಡೇಟಾಕ್ಕೆ ಇ-ಸಿಮ್ ಹಾಕಿ. ಎರಡೂ ದೇಶದಲ್ಲಿ ಚೌಕಾಕಾರದ ಮೂರು ಪಿನ್ ಪ್ಲಗ್. ಮನೆ ಬಿಡುವ ಮೊದಲೇ ಒಂದು ಅಡಾಪ್ಟರ್ ಕೊಳ್ಳಿ.

5. ಕೊನೆಯ ಮೂರು ದಿನ

ಎರಡೂ ದೇಶಗಳಿಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ತಲುಪುವ ದಿನದ ಹಿಂದಿನ ಮೂರು ದಿನದೊಳಗೆ ಮಾತ್ರ ತೆಗೆದುಕೊಳ್ಳುತ್ತದೆ. ಎರಡೂ ಪೂರ್ತಿ ಉಚಿತ. ಗೂಗಲ್‌ನಲ್ಲಿ ಹುಡುಕಿದರೆ ಮೇಲುಗಡೆ ದುಡ್ಡು ಕೇಳುವ ಖಾಸಗಿ ತಾಣಗಳು ಬರುತ್ತವೆ. ನೋಡಲು ಥೇಟ್ ಸರ್ಕಾರಿ ಪುಟದಂತೆಯೇ ಇರುತ್ತವೆ. ವಿಳಾಸದಲ್ಲಿ ಮಲೇಷ್ಯಾದ್ದಾದರೆ 'ಜಿಒವಿ ಡಾಟ್ ಎಂವೈ', ಸಿಂಗಪುರದ್ದಾದರೆ 'ಜಿಒವಿ ಡಾಟ್ ಎಸ್‌ಜಿ' ಇದೆಯಾ ನೋಡಿ. ಇಲ್ಲದಿದ್ದರೆ ಮುಚ್ಚಿಬಿಡಿ.

ಮಲೇಷ್ಯಾದ ಕಾರ್ಡ್‌ನಲ್ಲಿ ತಲುಪುವ ದಿನ ಗುರುವಾರ ಅಂತ ಹಾಕಿ. ಬುಧವಾರ ಅಂತ ತುಂಬುವವರೇ ಜಾಸ್ತಿ. ಸಿಂಗಪುರದ ಕಾರ್ಡನ್ನು ಮಲಕ್ಕಾದ ಹೋಟೆಲಿನಲ್ಲಿ ಕೂತು ಭಾನುವಾರ ತುಂಬಬಹುದು. ಭೂಮಾರ್ಗ ಅಂತ ಆರಿಸಿ. ಇಮೇಲ್ ಸರಿಯಾಗಿ ಬರೆಯಿರಿ. ಸಿಂಗಪುರ ಈಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವ ಪಾಸ್ ಇಮೇಲಿಗೇ ಬರುತ್ತದೆ. ಈ ಕಾರ್ಡ್ ಇದ್ದರೆ ವೀಸಾ ಬೇಡ ಅಂದುಕೊಳ್ಳಬೇಡಿ. ಎರಡೂ ಬೇಕು.

ನೀವು ಇಳಿಯುವುದು ಒಂದು ದೇಶದಲ್ಲಿ, ವಾಪಸ್ ಬರುವುದು ಬೇರೆ ದೇಶದಿಂದ ಅಲ್ವಾ? ಹಾಗಾಗಿ ಬೆಂಗಳೂರಿನ ಕೌಂಟರಿನಲ್ಲೂ ಕ್ವಾಲಾಲಂಪುರದಲ್ಲೂ "ರಿಟರ್ನ್ ಟಿಕೆಟ್ ಎಲ್ಲಿ?" ಅಂತ ಕೇಳಬಹುದು. ಮಲಕ್ಕಾ–ಸಿಂಗಪುರ ಬಸ್ ಟಿಕೆಟ್, ಸಿಂಗಪುರದ ವೀಸಾ, ಅಲ್ಲಿಂದ ಮನೆಗೆ ಬರುವ ವಿಮಾನದ ಟಿಕೆಟ್, ಮೂರೂ ಹೋಟೆಲ್ ಬುಕಿಂಗ್. ಇಷ್ಟನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಒಂದೇ ಫೈಲಿನಲ್ಲಿ ಇಡಿ. ಫೋನ್ ಚಾರ್ಜ್ ಯಾವಾಗ ಖಾಲಿಯಾಗುತ್ತದೋ ಹೇಳಲಾಗದು.

6. ಬಸ್ಸಿನಲ್ಲಿ ಗಡಿ ದಾಟುವುದು

ಕ್ವಾಲಾಲಂಪುರದಿಂದ ಮಲಕ್ಕಾಕ್ಕೆ ಟಿಬಿಎಸ್ ಅನ್ನುವ ದೊಡ್ಡ ಬಸ್ ನಿಲ್ದಾಣದಿಂದ ಬಸ್, ಎರಡರಿಂದ ಎರಡೂವರೆ ಗಂಟೆ. ಶನಿವಾರ ಬೇಗ ಹೊರಡಿ. ಅಲ್ಲಿನ ಬಸ್ ನಿಲ್ದಾಣದಿಂದ ಹಳೇ ಊರಿಗೆ ಗ್ರ್ಯಾಬ್ (ನಮ್ಮ ಓಲಾ, ಊಬರ್ ಥರದ ಆ್ಯಪ್) ಟ್ಯಾಕ್ಸಿ. ಇದರಲ್ಲಿ ಕಷ್ಟ ಏನೂ ಇಲ್ಲ.

ಸೋಮವಾರದ ಬಸ್ ವಿಷಯ ಬೇರೆ. ಒಟ್ಟು ನಾಲ್ಕೈದು ಗಂಟೆ. ಗಡಿ ಹತ್ತಿರ ಬಂದ ಕೂಡಲೇ ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ಒಂದೇ ಬಣ್ಣದ ಹತ್ತಾರು ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಮೊದಲು ಮಲೇಷ್ಯಾ ಕಡೆ ಇಳಿದು ಪಾಸ್‌ಪೋರ್ಟ್ ತೋರಿಸಿ ಹೊರಬೀಳಬೇಕು. ಮತ್ತೆ ಅದೇ ಬಸ್ ಹತ್ತಿ ಸಮುದ್ರದ ಮೇಲಿನ ದಾರಿ ದಾಟಬೇಕು. ಸಿಂಗಪುರ ಕಡೆ ಮತ್ತೆ ಇಳಿಯಬೇಕು. ಇಲ್ಲಿ ಬಸ್ಸಿನ ಹೊಟ್ಟೆಯಲ್ಲಿರುವ ದೊಡ್ಡ ಸೂಟ್‌ಕೇಸೂ ಸೇರಿ ಎಲ್ಲ ಲಗೇಜನ್ನೂ ಇಳಿಸಿಕೊಂಡು ಒಳಗೆ ಹೋಗಬೇಕು, ಅದರ ತಪಾಸಣೆ ಆಗುತ್ತದೆ. "ಬಸ್ಸಿನಲ್ಲೇ ಇರಲಿ ಬಿಡಿ" ಅನ್ನುವ ಹಾಗಿಲ್ಲ. ಅದಕ್ಕೇ ಹೇಳುವುದು, ಒಬ್ಬರಿಗೆ ಒಂದೇ ಚೀಲ, ಅವರೇ ಎಳೆದುಕೊಂಡು ಹೋಗುವಷ್ಟು.

ಕುಟುಂಬದವರು ಒಂದೇ ಸಾಲಿನಲ್ಲಿ ನಿಲ್ಲಿ. ಬೇರೆ ಬೇರೆ ಸಾಲಿಗೆ ಹೋದರೆ ಒಬ್ಬರು ಬೇಗ ಹೊರಬಂದು ಇನ್ನೊಬ್ಬರನ್ನು ಹುಡುಕುವುದಾಗುತ್ತದೆ. ಬಸ್ ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ, ತಡವಾದವರನ್ನು ಬಿಟ್ಟು ಹೊರಟುಬಿಡುತ್ತದೆ. ಇಳಿಯುವಾಗಲೇ ಡ್ರೈವರ್‌ನನ್ನು ಎಷ್ಟು ಹೊತ್ತು, ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿ. ಬಸ್ ಹೋಗಿಬಿಟ್ಟರೂ ಹೆದರಬೇಡಿ. ಅಲ್ಲಿಂದ ಸಿಂಗಪುರದ ನಗರ ಬಸ್ಸುಗಳಿವೆ, ಬ್ಯಾಂಕ್ ಕಾರ್ಡ್ ತಾಗಿಸಿ ಹತ್ತಬಹುದು.

ಚೀಲದಲ್ಲಿ ಚ್ಯೂಯಿಂಗ್ ಗಮ್, ಗುಟ್ಕಾ, ಜರ್ದಾ, ವೇಪ್ ಇರಲೇಬಾರದು. ಇವು ಸಿಂಗಪುರದಲ್ಲಿ ನಿಷಿದ್ಧ. ಪಾಯಸಕ್ಕೆ ಅಂತ ಗಸಗಸೆಯನ್ನೂ ಒಯ್ಯಬೇಡಿ. ಸಿಗರೇಟು ಒಂದು ಪ್ಯಾಕ್ ಇದ್ದರೂ ತೆರಿಗೆ ಕಟ್ಟಬೇಕು. ಮಲೇಷ್ಯಾದಿಂದ ಬರುವವರಿಗೆ ಮದ್ಯಕ್ಕೂ ತೆರಿಗೆ ವಿನಾಯಿತಿ ಇಲ್ಲ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ.

7. ಸಿಂಗಪುರ

ಲಿಟಲ್ ಇಂಡಿಯಾದ ಸುತ್ತಮುತ್ತ ಉಳಿಯಿರಿ. ಊಟದ ಚಿಂತೆ ಇರುವುದಿಲ್ಲ, ಮೆಟ್ರೊ ಹತ್ತಿರ. ಗಾರ್ಡನ್ಸ್ ಬೈ ದಿ ಬೇಯ ದೊಡ್ಡ ಮರಗಳ ದೀಪದಾಟ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ, ಅದಕ್ಕೆ ಟಿಕೆಟ್ ಇಲ್ಲ. ನಲ್ಲಿಯ ನೀರು ಕುಡಿಯಬಹುದು, ಬಾಟಲಿ ಕೊಳ್ಳಬೇಡಿ.

ಒಂದೇ ಅಂಗಡಿಯಲ್ಲಿ 100 ಡಾಲರ್‌ಗಿಂತ ಜಾಸ್ತಿ ಕೊಂಡರೆ ಪಾಸ್‌ಪೋರ್ಟ್ ತೋರಿಸಿ ಜಿಎಸ್‌ಟಿ ವಾಪಸಾತಿಗೆ ದಾಖಲಿಸಿಕೊಳ್ಳಿ. ಅಲ್ಲಿನ ಜಿಎಸ್‌ಟಿ ಶೇ 9. ವಿಮಾನದಲ್ಲಿ ಹೊರಡುವವರಿಗೆ ಇದು ಸಿಗುತ್ತದೆ, ಬಸ್ಸಿನಲ್ಲಿ ಮಲೇಷ್ಯಾಕ್ಕೆ ವಾಪಸ್ ಹೋಗುವವರಿಗೆ ಇಲ್ಲ. ಕೊಂಡ ವಸ್ತು ದೊಡ್ಡ ಚೀಲದಲ್ಲಿದ್ದರೆ, ಚಾಂಗಿ ನಿಲ್ದಾಣದಲ್ಲಿ ಚೀಲ ಒಪ್ಪಿಸುವ ಮೊದಲೇ ವಾಪಸಾತಿ ಯಂತ್ರದ ಹತ್ತಿರ ಹೋಗಿ. ಅಧಿಕಾರಿಗಳು ವಸ್ತು ತೋರಿಸಿ ಅಂದರೆ ಅದು ಕೈಯಲ್ಲಿರಬೇಕು. ಅದಕ್ಕಾಗಿ ಆ ದಿನ ಒಂದು ಗಂಟೆ ಮುಂಚೆಯೇ ಹೋಟೆಲ್ ಬಿಡಿ.